ಸಂಕಟದ ಪ್ಯಾಂಟು

ವಸ್ತುಗಳಿಗೆ ಹೆಸರಿಡುವ ವಿಷಯದಲ್ಲಿ ಇಂಗ್ಲಿಷಿನಷ್ಟು ನಾಚಿಕೆಗೆಟ್ಟ ಭಾಷೆ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನನಗೆ ಇಂಗ್ಲಿಷ್ ಬರುವುದಿಲ್ಲ. ಆದ್ದರಿಂದ ಅಭಿಪ್ರಾಯ ಇನ್ನಷ್ಟು ಖಚಿತವಾಗಿದೆ. ಬಳ್ಳಾರಿಯ ಜೀನ್ಸ್ ಕಾರ್ಖಾನೆಯಲ್ಲಿ ದುಡಿಯುವವನಿಗೆ ಅದರ ಕಾಟ ತಪ್ಪಿದ್ದಲ್ಲ. ಪ್ಯಾಂಟಿನ ತೊಡೆಯ ಮೇಲೆ ಬೆಕ್ಕಿನ ಮೀಸೆಯಂಥ ನಾಲ್ಕು ಬಿಳಿ ಗೆರೆ ಎಳೆದರೆ ಅದು ವಿಸ್ಕರ್. ಔಷಧಿ ಸಿಂಪಡಿಸಿ ಬಣ್ಣ ಕೆಡಿಸಿದರೆ ಮಂಕಿ ವಾಶ್. ಯಾವ ಕೋತಿ ಯಾವತ್ತು ಬಟ್ಟೆ ಒಗೆದಿತ್ತೋ ನಾನರಿಯೆ. ಕಲ್ಲು ಹಾಕಿ ತಿರುವಿದರೆ ಸ್ಟೋನ್ ವಾಶ್. ನಮ್ಮವ್ವ ಹೊಳೆಯ ದಂಡೆಯಲ್ಲಿ ಜೀವಮಾನವಿಡೀ ಬಟ್ಟೆಯನ್ನು ಕಲ್ಲಿಗೆ ಬಡಿದಳು. ಅವಳ ಒಗೆತಕ್ಕೆ ಯಾರೂ ಹೆಸರಿಡಲಿಲ್ಲ.

ನಾನು ರಫು ಹಾಕುವವನು. ಹರಿದ ಬಟ್ಟೆಯ ಎಳೆಗೆ ಎಳೆ ಕೂಡಿಸಿ, ಹರಿದಿತ್ತೆಂಬ ಗುರುತೇ ಸಿಗದಂತೆ ಹೆಣೆಯುವುದು ನಮ್ಮ ಮನೆತನದ ಕಸುಬು. ಸಿರುಗುಪ್ಪದಲ್ಲಿ ಅಪ್ಪನ ಕಾಲದ ಅಂಗಡಿಯಿತ್ತು. ಈಗ ಹರಿದದ್ದನ್ನು ಜನ ಬಿಸಾಡುತ್ತಾರೆ, ಹಾಗಾಗಿ ಬಾಗಿಲು ಹಾಕಿ ಈ ಕಾರ್ಖಾನೆಗೆ ಸೇರಿದೆ. ನೇಯ್ಗೆಯ ದೋಷ ಸರಿಪಡಿಸುವ ಮೇಜಿಗೆ ನಾನೇ ಮಾಸ್ಟರು. ನಮ್ಮ ಮನೆತನದಲ್ಲಿ ಒಂದು ಪದ್ಧತಿ: ಆಯುಧಪೂಜೆಗೆ ಸೂಜಿಯನ್ನು ದೇವಿಯ ಮುಂದಿಡುವ ಮೊದಲು ಕೋಣೆಯಲ್ಲಿ ಒಂದೇ ಒಂದು ಹರಕು ಬಟ್ಟೆ ಉಳಿಯಕೂಡದು. ಅಪ್ಪ ಅವತ್ತು ನೆಲ ಒರೆಸುವ ಬಟ್ಟೆಗೂ ರಫು ಹಾಕುತ್ತಿದ್ದ.

ಕಳೆದ ವರ್ಷ ಹಬ್ಬಕ್ಕೆ ಮೂರು ದಿನವಿರುವಾಗ ಕಾರ್ಖಾನೆಯ ಸಾವ್ಕಾರರು ಬೀಗರ ಮನೆಗೆಂದು ಕುರುಗೋಡಿಗೆ ಹೋದರು. ನನ್ನ ಮೇಜಿನ ಪಕ್ಕ ಹನ್ನೆರಡು ಹೊಸ ಪ್ಯಾಂಟುಗಳಿದ್ದವು, ಎಲ್ಲದರ ಎರಡೂ ಮೊಣಕಾಲು ಹರಿದಿದ್ದವು, ಮೇಲೊಂದು ಇಂಗ್ಲಿಷ್ ಚೀಟಿ. ಬೀದಿಯಲ್ಲಿ ಹುಡುಗರು ಹರಕು ಪ್ಯಾಂಟು ತೊಡುವುದನ್ನು ನೋಡಿದ್ದೆ, ಬಡತನವಿರಬೇಕೆಂದು ಮರುಗಿ ಸುಮ್ಮನಾಗಿದ್ದೆ. ನಮ್ಮ ಕಾರ್ಖಾನೆಯಲ್ಲಿ ಅಂಥದ್ದನ್ನು ಆವರೆಗೆ ಮಾಡಿರಲಿಲ್ಲ. ಮಷೀನಿಗೆ ಸಿಕ್ಕ ಮಾಲೆಂದುಕೊಂಡು ಮೂರು ದಿನ ತಲೆ ಎತ್ತದೆ ಇಪ್ಪತ್ತನಾಲ್ಕು ಮೊಣಕಾಲಿಗೂ ರಫು ಹಾಕಿ, ನೆಮ್ಮದಿಯಿಂದ ಪೂಜೆ ಮಾಡಿದೆ.

ಹಬ್ಬ ಮುಗಿಸಿ ಬಂದ ಸಾವ್ಕಾರರು ಪ್ಯಾಂಟು ತಿರುವಿ ಮುರುವಿ ನೋಡಿದರು. "ಹರಕು ಎಲ್ಲಿ ಹೋದ್ವು ಮಾಸ್ಟ್ರ?"

"ಹುಡುಕ್ರಿ ನೋಡೋಣ. ನಿಮಗ ಸಿಗಂಗಿಲ್ಲ," ಎಂದೆ. ರಫಿನ ಬಗ್ಗೆ ಅಂಥ ಹೆಮ್ಮೆಯಿಂದ ನಾನು ಮಾತಾಡಿದ್ದು ಅದೇ ಕೊನೆ.

ಅವರು ತಲೆಗೆ ಕೈ ಹಚ್ಚಿ ಕುಳಿತರು. "ಅವು ಡಿಸ್ಟ್ರೆಸ್ಡ್ ಪ್ಯಾಂಟ್ರಿ! ಮುಂಬೈ ಪಾರ್ಟಿಗೆ ಕಳ್ಸಾಕ ಮಾಡಿಸಿದ ಸ್ಯಾಂಪಲ್ಲು. ಹರದೈತಿ ಅಂತನ ಅದಕ್ಕ ರೇಟು!"

ಮನೆಗೆ ಬಂದು, ಕಾಲೇಜಿಗೆ ಹೋಗುವ ಮಗಳನ್ನು ಆ ಶಬ್ದದ ಅರ್ಥ ಕೇಳಿದೆ.

"ಸಂಕಟದಾಗ ಇರೋದು ಅಂತ, ಅಪ್ಪಾ."

"ಯಾರು?"

"ಪ್ಯಾಂಟು," ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೆಂಡತಿ ನಗಲಿಲ್ಲ. "ಕೆಲಸ ಐತೋ ಹೋತೋ, ಮೊದ್ಲು ಅದನ್ನ ಹೇಳ್ರಿ," ಎಂದಳು. ಐವತ್ತೆಂಟು ದಾಟಿದ ರಫುಗಾರನಿಗೆ ಇನ್ನೊಂದು ಕೆಲಸ ಕೊಡುವವರು ಯಾರು? ಪ್ಯಾಂಟಿನ ಸಂಕಟಕ್ಕೆ ಮುಂಬೈಯಲ್ಲಿ ಗಿರಾಕಿಗಳಿದ್ದರು. ನನ್ನದನ್ನು ಕೇಳುವವರಿರಲಿಲ್ಲ.

ಕೆಲಸ ಹೋಗಲಿಲ್ಲ. ಮರುದಿನ ಸಾವ್ಕಾರರು ನನ್ನ ಕೈಗೆ ಬ್ಲೇಡು ಕೊಟ್ಟರು. "ಎಳಿ ಕೂಡಸೋ ಕೈಗೆ ಬಿಡಸೋದೂ ಗೊತ್ತಿರತೈತಿ. ನೀವ ಹರೀರಿ," ಎಂದರು. ನಾನೇ ಹೆಣೆದ ಇಪ್ಪತ್ತನಾಲ್ಕು ಮೊಣಕಾಲನ್ನೂ ನಾನೇ ಬಿಚ್ಚಿದೆ. ಅಳು ಬಂತೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಮುಂಬೈಯವರು ಇಷ್ಟು ಚೆಂದದ ಹರಕನ್ನು ಕಂಡೇ ಇರಲಿಲ್ಲವಂತೆ, ಕೂಡಲೇ ಆರ್ಡರ್ ಕೊಟ್ಟರು. ಈಗ ನಾನು ಹರಿಯುವ ವಿಭಾಗಕ್ಕೆ ಮಾಸ್ಟರು.

ಮೊನ್ನೆ ದೇಶನೂರಿನಿಂದ ಹೊಸದಾಗಿ ಕೆಲಸಕ್ಕೆ ಬಂದ ಹೆಣ್ಣುಮಗಳೊಬ್ಬಳು ಪ್ಯಾಂಟಿನ ಮೊಣಕಾಲಿಗೆ ಅಡ್ಡಾದಿಡ್ಡಿ ಬ್ಲೇಡು ಎಳೆದಳು. ನನಗೆಲ್ಲಿತ್ತೋ ಸಿಟ್ಟು. "ಏನವ್ವಾ ಇದು! ಮರ್ಯಾದಸ್ತರು ಹಿಂಗ ಹರೀತಾರೇನು?" ಎಂದು ಕೂಗಾಡಿದೆ. ಪಾಪ, ಆಕೆ ತಲೆ ತಗ್ಗಿಸಿದಳು. ನಾನು ಬ್ಲೇಡು ಕಸಿದುಕೊಂಡು, ನೀಲಿಯ ಉದ್ದೆಳೆಗಳನ್ನಷ್ಟೇ ಒಂದೊಂದಾಗಿ ಬಿಡಿಸಿ, ಬಿಳಿಯ ಅಡ್ಡೆಳೆಗಳನ್ನು ಉಳಿಸಿ ತೋರಿಸಿದೆ. ಸುತ್ತ ನಿಂತವರು, "ಕೈ ಅಂದ್ರ ಮಾಸ್ಟ್ರದು ನೋಡ್ರಿ," ಎಂದರು.

ನಾನು ಮೀಸೆಯ ಮೇಲೆ ಕೈಯಾಡಿಸಿ, "ಇನ್ನೊಂದು ಪ್ಯಾಂಟು ಕೊಡ್ರಿ," ಎಂದೆ.