ಸ್ಪಿತಿಗೆ ಹೊರಟ ಜೀಪು ಎರೆಮಣ್ಣಿನಲ್ಲಿ

ಜೀಪೊಂದನ್ನು ದೂರದ ಬೆಟ್ಟಗುಡ್ಡಗಳ ಪ್ರಯಾಣಕ್ಕೆ ಅಣಿಗೊಳಿಸುವುದು ಮದುಮಗನನ್ನು ಅಣಿಗೊಳಿಸುವುದಕ್ಕಿಂತ ಸುಲಭ ಎಂದೇ ನಾನು ತಿಳಿದಿದ್ದೆ. ಜೀಪು ಸೂಟು ಬೇಕೆಂದು ಮುನಿಸಿಕೊಳ್ಳುವುದಿಲ್ಲ. ಅದಕ್ಕೆ ಸಿಟ್ಟಾಗುವ ಸೋದರಮಾವಂದಿರೂ ಇಲ್ಲ.

ಬಸವಕಲ್ಯಾಣದಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಇಷ್ಟು ವರ್ಷಗಳಲ್ಲಿ ನಾನು ಬಿಚ್ಚಿ, ಮತ್ತೆ ಮೊದಲಿನಂತೆ ಜೋಡಿಸಿಟ್ಟ ವಸ್ತುವೆಂದರೆ ಸೀರೆ ಮಾತ್ರ. ಆದರೂ ಧೈರ್ಯಕ್ಕೇನೂ ಕೊರತೆಯಿರಲಿಲ್ಲ. ಮೊಬೈಲಿನಲ್ಲಿ ಸಾಕಷ್ಟು ವಿಡಿಯೊ ನೋಡಿದ್ದೆ!

ಜೀಪು ನನ್ನ ಅಣ್ಣನದು. ಹಳೆಯದು, ಆದರೆ ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಹೋಗುವಂಥದ್ದು. ತನ್ನ ಹೆಂಡತಿಯನ್ನು, ಅಂದರೆ ನಮ್ಮ ವೈನಿಯನ್ನು, ಹಿಮಾಚಲದ ಸ್ಪಿತಿ ಕಣಿವೆಗೆ ಕರೆದೊಯ್ಯಬೇಕೆಂದು ಅಣ್ಣ ಅದನ್ನು ಕೊಂಡಿದ್ದ. ಹೋದ ಶ್ರಾವಣದಲ್ಲಿ ಅಣ್ಣ ತೀರಿಹೋದ. ಜೀಪು ಅಂಗಳದಲ್ಲಿ ಉಳಿಯಿತು. ಮನೆಯಲ್ಲಿ ಎಲ್ಲರೂ ಅದರ ಪಕ್ಕದಿಂದ ಹಾಯ್ದು ಹೋಗುತ್ತಿದ್ದೆವು, ಅದರ ಕಡೆ ಯಾರೂ ನೋಡುತ್ತಿರಲಿಲ್ಲ. ವರ್ಷ ತುಂಬಿದ ಮೇಲೆ ಒಂದು ಮುಂಜಾನೆ ವೈನಿ ಚಹಾದ ಕಪ್ಪು ಕೆಳಗಿಟ್ಟು ಹೇಳಿದರು.

"ಗಾಡಿ ಅದ, ದಾರಿ ಅದ. ನಾ ಹೋಗಿ ನೋಡ್ಕೊಂಡು ಬರ್ತೀನಿ."

ಎಲ್ಲರೂ ಅಂಗಳದ ಜೀಪಿನ ಕಡೆ ನೋಡಿದರು. ಆಗ ನನ್ನ ಬಾಯಿ ತಾನಾಗಿಯೇ ತೆರೆದುಕೊಂಡು, ನಾನು ಕರೆದುಕೊಂಡು ಹೋಗುತ್ತೇನೆ ಎಂದುಬಿಟ್ಟಿತು. ನನ್ನ ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಬಸ್ಸಿನ್ಯಾಗ ಹುಮನಾಬಾದ್ ಮುಟ್ಟೂದ್ರಾಗ ನಿಮಗ ಎರಡು ಲಿಂಬಿಹಣ್ಣು ಬೇಕಾಗ್ತಾವ" ಎಂದಳು.

ಹುಮನಾಬಾದಿನಲ್ಲಿ ವೈನಿಯ ತವರು. ಅವರ ಅಣ್ಣ ಶರಣಪ್ಪನವರು ಅಲ್ಲಿ ಕಾಳಿನ ವ್ಯಾಪಾರಿ. ಸುದ್ದಿ ತಿಳಿದು ಬಂದವರು ಜೀಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ತೊಗರಿಯ ಚೀಲ ನೋಡಿದಂತೆ ಅದನ್ನು ನೋಡಿ, ಒಂದು ಷರತ್ತು ಹಾಕಿದರು. ಡಾಂಬರು ರಸ್ತೆ ಬಿಟ್ಟು ಹೊಲದ ದಾರಿಯಲ್ಲಿ, ಪೂರ್ತಿ ಸಾಮಾನು ಹೇರಿಕೊಂಡು, ಹೊರಗಿನವರ ಕೈ ತಾಗದೆ ಜೀಪು ಹುಮನಾಬಾದ್ ಮುಟ್ಟಬೇಕು. ಮುಟ್ಟಿದರೆ ತಂಗಿ ಎಲ್ಲಿಗೆ ಬೇಕಾದರೂ ಹೋಗಲಿ. ಮುಟ್ಟದಿದ್ದರೆ ಜೀಪು ಅವರ ಗೋದಾಮಿನಲ್ಲಿ ಚೀಲ ಹೊರಬೇಕು. ವೈನಿ ಒಪ್ಪಿದರು. ಅಂದಿನಿಂದ ಅವರ ಸ್ಪಿತಿ ನನ್ನ ಕೈಯಲ್ಲಿತ್ತು. ಅಯ್ಯೋ ಪಾಪ!

ನಾನು ಕಾರ್ಯಪ್ರವೃತ್ತನಾದೆ. ಮೊದಲು ಮೇಲಿನ ಕ್ಯಾರಿಯರ್. ಹುಮನಾಬಾದಿನಲ್ಲಿ ಟ್ರ್ಯಾಕ್ಟರಿನ ಟ್ರಾಲಿ ಮಾಡುವವರೊಬ್ಬರಿಗೆ ಹೇಳಿ, ಗಟ್ಟಿಯಾಗಿರಲಿ ಎಂದೆ. ಅವರು ನನ್ನ ಮಾತಿಗೆ ಬೆಲೆ ಕೊಟ್ಟು ಟ್ರಾಲಿಯ ಕಬ್ಬಿಣವನ್ನೇ ಹಾಕಿದರು. ಅದನ್ನು ಮೇಲೇರಿಸಿದಾಗ ಜೀಪು ನಮಸ್ಕಾರಕ್ಕೆ ಬಗ್ಗಿದಂತೆ ಬಗ್ಗಿತು, ಮತ್ತೆ ಏಳಲಿಲ್ಲ. ಆಮೇಲೆ, ನದಿ ದಾಟುವಾಗ ಎಂಜಿನ್ನು ಉಸಿರಾಡಲೆಂದು ಬಾನೆಟ್ಟಿನ ಪಕ್ಕಕ್ಕೆ ಎತ್ತರದ ಕೊಳವೆ ಕೂಡಿಸಿದೆ. ನಮ್ಮ ಊರಿನಲ್ಲಿ ಸಿಗುವುದು ಬೋರ್‌ವೆಲ್ಲಿನ ಪೈಪು. ಮರುದಿನವೇ ಇಬ್ಬರು ರೈತರು ಬಂದು, ನಮ್ಮ ಹೊಲದಾಗ ನೀರು ಯಾವಾಗ ನೋಡ್ತೀರಿ ಎಂದು ವಿಚಾರಿಸಿದರು.

ಮುಂದಿನ ಎರಡು ಗಾಲಿಗಳ ನಟ್ಟನಡುವೆ ಒಂದೊಂದು ದುಂಡನೆಯ ಬಿಲ್ಲೆ ಇತ್ತು. ಅಲಂಕಾರಕ್ಕಿಟ್ಟಿದ್ದಾರೆ ಎಂದುಕೊಂಡು ಹುಣಸೆಹಣ್ಣು ಹಚ್ಚಿ ತಿಕ್ಕಿ ಹೊಳೆಯಿಸಿದೆ. ನೋಡಿ ಖುಷಿಪಟ್ಟ ಹೆಂಡತಿ ಅವಕ್ಕೆ ದಪ್ಪಗೆ ವಿಭೂತಿ ಬಳಿದು, ಮೇಲೆ ಕುಂಕುಮ ಇಟ್ಟಳು.

ಗುದ್ದಲಿ, ಹಗ್ಗ, ಗಾಳಿ ಹೊಡೆಯುವ ಪಂಪು, ಗಾಲಿಯ ಕೆಳಗೆ ಇಡುವ ಹಲಗೆ ಎಲ್ಲವನ್ನೂ ವಿಡಿಯೊದಲ್ಲಿದ್ದಂತೆ ಒಪ್ಪವಾಗಿ ಜೋಡಿಸಿದೆ. ಅಷ್ಟರಲ್ಲಿ ಓಣಿಗೆ ಸುದ್ದಿ ಹೋಯಿತು. ದೂರ ಹೊರಟವರಿಗೆ ಬುತ್ತಿ ಕಟ್ಟದಿರುವ ಮನೆ ನಮ್ಮ ಓಣಿಯಲ್ಲಿಲ್ಲ, ಕೊಟ್ಟ ಬುತ್ತಿ ಬೇಡವೆನ್ನುವಷ್ಟು ಧೈರ್ಯ ನನಗಿಲ್ಲ. ಇದು ಬರೀ ಹುಮನಾಬಾದಿನ ಪರೀಕ್ಷೆ ಎಂದು ಎಷ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪೂರ್ತಿ ಸಾಮಾನು ಅಂದ ಮೇಲೆ ಬುತ್ತಿಯೂ ಸಾಮಾನೇ ಎಂದರು. ಖಡಕ್ ರೊಟ್ಟಿಯ ಗಂಟುಗಳು ಬಂದವು. ಶೇಂಗಾ ಹಿಂಡಿ, ಅಗಸಿ ಹಿಂಡಿ ಎಂಬ ಚಟ್ನಿಪುಡಿಗಳು, ಪುಂಡಿಪಲ್ಯ, ಕರದಂಟಿನ ಡಬ್ಬಿಗಳು ಬಂದವು. ಮಂಠಾಳದಿಂದ ನಮ್ಮ ಅತ್ತೆ ತಗಡಿನ ಡಬ್ಬಿಯೊಂದರ ತುಂಬ ಶೇಂಗಾ ಹೋಳಿಗೆ ಕಳಿಸಿದರು. ಒಂದು ಡಬ್ಬಿ ಒಳಗೆ ಹೋಗಬೇಕಾದರೆ ಒಂದು ಸಾಮಾನು ಹೊರಗೆ ಬರಬೇಕಾಯಿತು. ಹಲಗೆ ಬಂತು. ಪಂಪು ಬಂತು. ಗುದ್ದಲಿ ಬಂತು. ಕೊನೆಗೆ ಉಪ್ಪಿನಕಾಯಿಯ ಭರಣಿ ಅಲುಗದಂತೆ ಕಟ್ಟಲು ಹಗ್ಗವೂ ಖರ್ಚಾಯಿತು.

ಹೊರಡುವ ದಿನ ಶರಣಪ್ಪನವರು ಟ್ರ್ಯಾಕ್ಟರ್ ತೆಗೆದುಕೊಂಡೇ ಬಂದಿದ್ದರು. ಜೀಪು ಎಳೆದೊಯ್ಯಲು ಸರಪಳಿಯೂ ಇತ್ತು. ಅವರ ನಂಬಿಕೆ ಅಷ್ಟು ದೊಡ್ಡದು! ಹಿಂದಿನ ದಿನ ಮಳೆಯಾಗಿತ್ತು. ಗಾಲಿಗಳ ಕೆಳಗಿನ ನಿಂಬೆಹಣ್ಣು ಒಡೆದು ನಾನೂ ವೈನಿಯೂ ಹೊರಟೆವು, ಹಿಂದೆ ಟ್ರ್ಯಾಕ್ಟರಿನಲ್ಲಿ ಶರಣಪ್ಪನವರು. ತೊಗರಿ ಹೊಲಗಳ ನಡುವಿನ ದಾರಿ ಮೊದಲು ಕೆಂಪಗಿತ್ತು, ಜೀಪು ಗಂಭೀರವಾಗಿ ಸಾಗಿತು. ಆಮೇಲೆ ದಾರಿ ಕಪ್ಪಾಯಿತು.

ನಮ್ಮ ಕಡೆಯ ಎರೆಮಣ್ಣು ಮಳೆಯಲ್ಲಿ ನೆನೆದರೆ ನೆಂಟನಿದ್ದಂತೆ. ಕಾಲು ಹಿಡಿದುಕೊಂಡರೆ ಬಿಡುವುದಿಲ್ಲ. ಜೀಪು ನಿಂತಿತು. ನಾನು ನಗುತ್ತಾ ಹಿಂದೆ ತಿರುಗಿ, ಈಗ ನೋಡ್ರಿ ಎಂದು ಶರಣಪ್ಪನವರಿಗೆ ಹೇಳಿ, ನಾಲ್ಕು ಗಾಲಿಯ ಲಿವರ್ ಎಳೆದು, ಎಕ್ಸಿಲರೇಟರ್ ಒತ್ತಿದೆ. ಹಿಂದಿನ ಗಾಲಿಗಳು ಗಿರ್ರನೆ ತಿರುಗಿ ಶರಣಪ್ಪನವರ ಬಿಳಿ ಅಂಗಿಯನ್ನು ಕಪ್ಪು ಮಾಡಿದವು. ಮುಂದಿನ ಎರಡು ಗಾಲಿಗಳು ವಿಭೂತಿ ಧರಿಸಿ ಧ್ಯಾನದಲ್ಲಿದ್ದವು! ಒತ್ತಿದಷ್ಟೂ ಜೀಪು ಇಳಿಯಿತು. ಸುತ್ತ ಕುರಿಗಳು ಬಂದು ನಿಂತವು, ಅವುಗಳ ಹಿಂದೆ ಕುರಿ ಕಾಯುವವರು.

ಶರಣಪ್ಪನವರು ಮುಖ ಒರೆಸಿಕೊಂಡು ಸರಪಳಿ ತೆಗೆದರು. ನಾನೂ ನಾಚಿಕೆ ಬಿಟ್ಟು ಅದಕ್ಕೆ ಕೈ ಚಾಚಿದೆ.

"ರಾಜಪ್ಪಾ, ಸರಪಳಿ ಮುಟ್ಟಬ್ಯಾಡ" ಎಂದರು ವೈನಿ. ದನಿ ಮೆಲ್ಲಗಿತ್ತು, ಆದರೆ ಕುರಿಗಳೂ ಸುಮ್ಮನಾದವು. "ಅದನ್ನ ಕಟ್ಟಿದಿ ಅಂದ್ರ ನನ್ನ ಪ್ರಯಾಣ ಇಲ್ಲೇ ಮುಗೀತು."

ಅವರು ಸೀರೆಯ ನೆರಿಗೆ ಸಿಕ್ಕಿಸಿಕೊಂಡು ಕೆಸರಿಗಿಳಿದರು. ಡಬ್ಬಿ, ಗಂಟು ಎಲ್ಲ ಕೆಳಗಿಳಿಸು ಎಂದು ನನಗೆ ಹೇಳಿ, ಕುರಿಯವರಿಗೆ ಊಟಕ್ಕೆ ಕೂಡಿರಿ ಅಂದರು. ಬುತ್ತಿ ಹಂಚಿದರೆ ಪುಣ್ಯ, ಒಯ್ದರೆ ಭಾರ ಎಂಬುದು ಅವರ ಲೆಕ್ಕ. ನಾನು ಖಾಲಿ ಮಾಡುತ್ತಿದ್ದಂತೆ ಅವರು ಕೆಸರಿನಲ್ಲಿ ಹಿಡಿತ ಸಿಗಲೆಂದು ವಾಲ್ವಿಗೆ ಕಡ್ಡಿ ಒತ್ತಿ ಟೈರುಗಳ ಗಾಳಿ ಸ್ವಲ್ಪ ಇಳಿಸಿದರು. ಕೊನೆಗೆ ಮುಂದಿನ ಗಾಲಿಯ ಮುಂದೆ ಕುಳಿತು, ವಿಭೂತಿಯನ್ನು ಸೆರಗಿನಿಂದ ಒರೆಸಿ, ನಾನು ಹೊಳೆಯಿಸಿದ ಬಿಲ್ಲೆಯನ್ನು ಬಲಕ್ಕೆ ತಿರುಗಿಸಿದರು. ಕಟಕ್ ಎಂದಿತು.

"ಇದನ್ನ ತಿರುವಿದರನ ಮುಂದಿನ ಗಾಲಿಗಿ ಜೀವ ಬರೂದು. ನಿಮ್ಮಣ್ಣ ಸ್ಟೇರಿಂಗ್ ಹಿಡ್ಕೊಂಡು ಕೂಡ್ತಿದ್ರು. ಇಳದು ತಿರುವಾಕಿ ಯಾವಾಗಲೂ ನಾನೇ."

ಇನ್ನೊಂದನ್ನೂ ತಿರುಗಿಸಿ ಅವರು ಡ್ರೈವರ್ ಸೀಟಿಗೆ ಬಂದರು. ಅವರಿಗೆ ಓಡಿಸಲೂ ಬರುತ್ತದೆಂದು ನನಗೆ ಗೊತ್ತಾದದ್ದೇ ಆಗ. ಅಣ್ಣ ಎತ್ತರದವನು. ಅವನು ಸರಿಸಿಟ್ಟಿದ್ದ ಸೀಟನ್ನು ಮುಂದಕ್ಕೆಳೆಯಲು ಮನಸ್ಸು ಬಾರದೆ ನಾನು ಬೆನ್ನ ಹಿಂದೆ ದಿಂಬಿಟ್ಟುಕೊಂಡು ಓಡಿಸುತ್ತಿದ್ದೆ. ವೈನಿ ದಿಂಬು ನನ್ನ ಕೈಗೆ ಕೊಟ್ಟರು. ಒಂದು ಕ್ಷಣ ಸೀಟಿನ ಮೇಲೆ ಅಂಗೈ ಇಟ್ಟರು. ಆಮೇಲೆ ಕೆಳಗಿನ ಹಿಡಿಕೆ ಎಳೆದು ಸೀಟನ್ನು ಮುಂದಕ್ಕೆ ಸರಿಸಿ ಕುಳಿತರು. ನಾನು ದಿಂಬು ಅಪ್ಪಿಕೊಂಡು ಕೆಸರಿನಲ್ಲಿ ನಿಂತೇ ಇದ್ದೆ.

"ಹಿಂದ ಹೋಗಿ ತಳ್ಳು. ನೀ ಮನೀ ಮನುಷ್ಯಾ, ಹೊರಗಿನವ ಅಲ್ಲ" ಎಂದರು.

ತಳ್ಳಿದೆ. ಜೀಪು ನಾಲ್ಕೂ ಗಾಲಿಗಳಿಂದ ಮಣ್ಣು ಕಿತ್ತು ಮೇಲೆದ್ದಿತು. ನಾನು ಅದೇ ಗುಂಡಿಯಲ್ಲಿ ಮಕಾಡೆ ಬಿದ್ದೆ. ನನ್ನನ್ನು ಮಾತ್ರ ಹೊರಗಿನವರೇ ಎತ್ತಬೇಕಾಯಿತು. ಬಾಯಲ್ಲಿ ಹೋಳಿಗೆ ತುಂಬಿಕೊಂಡಿದ್ದ ಇಬ್ಬರು ಕುರಿಯವರು ಆ ಕೆಲಸ ಮಾಡಿದರು. ಷರತ್ತು ಜೀಪಿಗೆ ಮಾತ್ರ ಸಂಬಂಧಿಸಿದ್ದು, ಹೊಟ್ಟೆ ಸೇರಿದ ಬುತ್ತಿ ಸಾಮಾನಿನ ಲೆಕ್ಕಕ್ಕಿಲ್ಲ ಎಂದು ಶರಣಪ್ಪನವರೇ ತೀರ್ಪು ಕೊಟ್ಟರು.

ಹುಮನಾಬಾದಿನಲ್ಲಿ ಅವರು ತಾವೇ ತೆಂಗಿನಕಾಯಿ ಒಡೆದರು. ತಂಗಿಯ ತಲೆಯ ಮೇಲೆ ಕೈಯಿಟ್ಟು, ಹೋಗಿ ಬಾ ಎಂದರು. ಆಮೇಲೆ, ಕೊರಳತನಕ ಕೆಸರು ಮೆತ್ತಿಕೊಂಡು ಕಟ್ಟೆಯ ಮೇಲೆ ಒಣಗುತ್ತಿದ್ದ ನನ್ನತ್ತ ನೋಡಿದರು.

"ಗಾಡಿ ನೀನೇ ಓಡಸ್ತಿ. ಮತ್ತ ಇವರನ್ನ ಯಾಕ ಕರ್ಕೊಂಡು ಹೊಂಟೀದಿ?"

ವೈನಿ ಬಹಳ ಹೊತ್ತು ಯೋಚಿಸಿದರು. ಅಷ್ಟು ಹೊತ್ತು ಯೋಚಿಸಬಾರದಿತ್ತು.

"ಸಿಕ್ಕೊಂಡಾಗ ತಳ್ಳಾಕ ಒಬ್ರು ಬೇಕಲ್ಲಣ್ಣಾ" ಎಂದು ನಕ್ಕರು. ಒಂದು ವರ್ಷದ ಮೇಲೆ ನಾವೆಲ್ಲ ಆ ನಗು ಕೇಳಿದ್ದು ಅಂದೇ. ಅದಕ್ಕಾಗಿ ಇನ್ನೊಂದು ಸಲ ಗುಂಡಿಗೆ ಬೀಳಲೂ ನಾನು ತಯಾರಿದ್ದೆ.

ಬರುವ ವಾರ ಹೊರಡುತ್ತೇವೆ. ಈ ಪ್ರಯಾಣದಲ್ಲಿ ನನ್ನ ಹುದ್ದೆ ತಳ್ಳುವವನದು. ಅದಕ್ಕೆ ತಕ್ಕ ಅಭ್ಯಾಸವಾಗಲೆಂದು ಹೆಂಡತಿ ದಿನಾ ಮುಂಜಾನೆ ನನ್ನಿಂದ ಮನೆಯ ಕಬ್ಬಿಣದ ಅಲ್ಮಾರಿ ತಳ್ಳಿಸುತ್ತಿದ್ದಾಳೆ. ಅದು ಇನ್ನೂ ಕದಲಿಲ್ಲ.