ಡಾಂಬರಿನ ಮೇಲೆ ನಾಲ್ಕು ಗಾಲಿ

ಹೆದರುವವನಿಗೆ ಹೆದರಿಕೆಯೊಂದಿದ್ದರೆ ಸಾಲದು, ಯಾವುದಕ್ಕೆ ಹೆದರಬೇಕೆಂಬ ತಿಳಿವಳಿಕೆಯೂ ಇರಬೇಕು. ನನ್ನಲ್ಲಿ ಮೊದಲನೆಯದು ಧಾರಾಳವಾಗಿದೆ. ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಓಣಿ ದಾಟಿದ ಮೇಲೆ ಮತ್ತೆ ಬಂದು ಎಳೆಯುವವನು ನಾನು. ಹೀಗೆ ಎಳೆದೆಳೆದೇ ಎರಡು ಚಿಲಕ ಕಿತ್ತಿದ್ದೇನೆ. ಇಂಥ ನಾನು, ಇಸವಿ ಎರಡು ಸಾವಿರ ದಾಟಿದ ಹೊಸದರಲ್ಲಿ, ನಾಲ್ಕೂ ಗಾಲಿ ಎಳೆಯುವ ಟ್ರ್ಯಾಕ್ಟರ್ ಕೊಂಡೆ. ನಮ್ಮೂರು ಹಲವಾಗಲಿನಲ್ಲಿ ಆಗ ಮಿಕ್ಕವರವೆಲ್ಲ ಹಿಂದಿನ ಎರಡೇ ಗಾಲಿ ಎಳೆಯುವಂಥವು. ನನ್ನದರಲ್ಲಿ ಸೀಟಿನ ಪಕ್ಕದ ಸಣ್ಣ ಹಿಡಿಕೆ ಎಳೆದರೆ ಮುಂದಿನವೂ ದುಡಿಯುತ್ತವೆ. ಯಾವಾಗ ಎಳೆಯಬೇಕೆಂದು ಮಾರಿದವರು ಹೇಳಿಯೇ ಇದ್ದರು. ನಾನಾಗ ಪೂಜೆಗೆ ತಂದ ನಿಂಬೆಹಣ್ಣು ನಾಲ್ಕೂ ಟೈರಿಗೆ ಸಾಲುತ್ತವೋ ಇಲ್ಲವೋ ಎಂಬ ಚಿಂತೆಯಲ್ಲಿದ್ದೆ.

ಹಾಗಾಗಿ ಸ್ವಂತ ಬುದ್ಧಿ ಓಡಿಸಿದೆ. ಅಪಾಯ ಇರುವುದೆಲ್ಲಿ? ರಸ್ತೆಯಲ್ಲಿ. ಲಾರಿ, ಬಸ್ಸು, ಅಡ್ಡ ಬರುವ ಕುರಿ ಹಿಂಡು. ಹೊಲದಲ್ಲೇನಿದೆ, ಬಿದ್ದರೂ ಮಣ್ಣು. ಹರಪನಹಳ್ಳಿಗೆ ಹೋಗುವಾಗ ಬರುವಾಗ ನಾಲ್ಕೂ ಗಾಲಿ ಬಿಗಿಯಾಗಿ ನೆಲ ಹಿಡಿಯಲೆಂದು ಹಿಡಿಕೆ ಎಳೆದಿಡುತ್ತಿದ್ದೆ. ಗದ್ದೆಗಿಳಿದ ಕೂಡಲೇ ಡೀಸೆಲ್ ಉಳಿಯಲೆಂದು ಬಿಡುತ್ತಿದ್ದೆ. ತಿರುವಿನಲ್ಲಿ ಸ್ಟೇರಿಂಗ್ ಮೊಂಡು ಎತ್ತಿನಂತೆ ಸೆಟೆಯುತ್ತಿತ್ತು. ಹೊಸದಲ್ಲವೇ, ಬಿಗಿ ಇರುತ್ತದೆ ಅಂದುಕೊಂಡೆ. ವರ್ಷ ತುಂಬುವುದರೊಳಗೆ ಮುಂದಿನ ಟೈರಿನ ಹಲ್ಲು ಅರ್ಧ ಸವೆದಿದ್ದವು. ಹೆಂಡತಿ ಬಗ್ಗಿ ನೋಡಿ, "ಹಿಂದಿನವು ಹೊಸಾವು ಇದ್ದಂಗ ಅದಾವು, ಮುಂದಿನವಕ್ಕ ವಯಸ್ಸಾಗೈತಿ. ಒಂದ ಮನಿ ಅನ್ನ ಉಂಡು ಹಿಂಗ್ಯಾಕ್ರಿ?" ಅಂದಳು. ರಸ್ತೆ ಸರಿಯಿಲ್ಲ ಎಂದೆ.

ಆ ಸಲ ನಾಟಿಯ ಹಿಂದಿನ ದಿನ. ಸಸಿ ಕಿತ್ತು ಕಟ್ಟಾಗಿತ್ತು. ಬೆಳಗಾದರೆ ನಾಟಿ ಗುಂಪಿನ ಮುಂದಾಳು ದುರುಗಮ್ಮ ತನ್ನ ಹೆಣ್ಣಾಳುಗಳೊಂದಿಗೆ ನಮ್ಮ ಗದ್ದೆಗೆ ಬರುವವಳಿದ್ದಳು. ಅದು ತಪ್ಪಿದರೆ ಅವರು ಮತ್ತೆ ಸಿಗುವುದು ಎಂಟು ದಿನ ಬಿಟ್ಟು. ಅಷ್ಟರಲ್ಲಿ ಕಿತ್ತ ಸಸಿ ದನದ ಪಾಲು. ಇನ್ನೂ ಅರ್ಧ ಗದ್ದೆ ಕೆಸರು ಮಾಡುವುದಿತ್ತು, ಗದ್ದೆ ನಡುವೆ ಟ್ರ್ಯಾಕ್ಟರ್ ಹಿಂದಿನ ಗಾಲಿ ಹುಗಿದುಕೊಂಡು ಕೂತಿತು. ಒತ್ತಿದಷ್ಟೂ ಒಳಗೆ. ಅಂದು ಪಕ್ಕದ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದ ದುರುಗಮ್ಮನ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತರು, ನೋಡುವುದಕ್ಕೆ.

ದುರುಗಮ್ಮ ಬದುವಿಗೆ ಬಂದು, ಮುಂದಿನ ಗಾಲಿ ಯಾಕೆ ಸುಮ್ಮನೆ ನಿಂತಿವೆ ಎಂದು ಕೇಳಿದಳು. ಅವನ್ನು ರಸ್ತೆಗೆಂದು ಇಟ್ಟುಕೊಂಡಿದ್ದೇನೆ ಎಂದು ವಿವರಿಸಿದೆ. ಆಕೆ ಕೆಸರು ಮೆತ್ತಿದ ತನ್ನ ಕಾಲು ಎತ್ತಿ ತೋರಿಸಿದಳು.

"ಯಜಮಾನ್ರ, ನಾವು ಕೆಸರಿನ್ಯಾಗ ಹೆಬ್ಬೆಟ್ಟು ಊರಿ ನಡೀತೀವಿ. ಡಾಂಬರ್ ಮ್ಯಾಲೂ ಹಂಗ ಊರಿದ್ರ ಉಗುರು ಉಳಿತಾವೇನ್ರಿ?"

ವರ್ಷದ ಲೆಕ್ಕಾಚಾರ ಅಲ್ಲೇ ತಲೆಕೆಳಗಾಯಿತು. ಹಿಡಿಕೆ ಎಳೆದು ನಿಧಾನಕ್ಕೆ ಕ್ಲಚ್ ಬಿಟ್ಟೆ. ಸವೆದು ಉಳಿದ ಅರ್ಧ ಹಲ್ಲಿನಲ್ಲೇ ಮುಂದಿನ ಟೈರು ಮಣ್ಣು ಕಚ್ಚಿದವು. ಟ್ರ್ಯಾಕ್ಟರ್ ಎಮ್ಮೆ ಎದ್ದಂತೆ ಎದ್ದಿತು. ಹೆಂಗಸರು ಕೇಕೆ ಹಾಕಿದರು, ನಾನೂ ಹಾಕಿದೆ. ಹೊತ್ತು ಮುಳುಗುವುದರೊಳಗೆ ಗದ್ದೆ ನಾಟಿಗೆ ಹದವಾಗಿತ್ತು.

ಡಾಂಬರು ಹತ್ತಿದ ಮೇಲೆ ಹಿಡಿಕೆ ಬಿಟ್ಟೆ. ಸ್ಟೇರಿಂಗ್ ಒಂದೇ ಬೆರಳಿಗೆ ತಿರುಗಿತು. ಇಷ್ಟು ಸಲೀಸಾಗಿ ತಿರುಗಬೇಕಾದರೆ ಏನೋ ಕಳಚಿರಬೇಕು ಎಂಬ ಹೊಸ ಹೆದರಿಕೆ ಹುಟ್ಟಿ ಮೊದಲನೇ ಗೇರಿಗಿಳಿಸಿದೆ. ಕೆಲಸ ಮುಗಿಸಿ ಹಿಂದೆ ನಡೆದು ಬರುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ನನ್ನನ್ನು ದಾಟಿ ಹೋದರು. ಕೊನೆಗೆ ಬಂದ ದುರುಗಮ್ಮ ಪಕ್ಕದಲ್ಲೇ ನಡೆಯುತ್ತ, ದೂಡಬೇಕೇನ್ರಿ ಎಂದು ಕೇಳಿದಳು.

ಬೇಡ ಎಂದೆ. ನಿಜ ಹೇಳಬೇಕೆಂದರೆ, ಅದಕ್ಕೆ ಮೊದಲು ಹೂಂ ಅಂದುಬಿಡೋಣವೇ ಎಂದು ಯೋಚಿಸಿದ್ದೆ.