ಅಳಿಯಂದಿರ ಮೊದಲ ಬೆಂಕಿ

ಅತ್ತೆ: ಕೆಳಗಿಡಿ ಅಳಿಯಂದ್ರೇ, ಆ ಎಣ್ಣೆ ಬುಡ್ಡಿ ಕೆಳಗಿಡಿ!

ಅಳಿಯ: ಈ ಆಕ್ಸಿಜನ್ ಸಿಲಿಂಡರಿನ ತಿರುಪು ಬಿಗಿಯಾಗಿದೆ ಅತ್ತೆ. ಒಂದೇ ಒಂದು ಹನಿ...

ಅತ್ತೆ: ಹಾಕಿ, ಹಾಕಿ. ಆಕ್ಸಿಜನ್ನಿಗೆ ಎಣ್ಣೆ ತಾಗಿದ್ರೆ ಹೊತ್ಕೊಂಡು ಸಿಡಿಯುತ್ತೆ. ಆಮೇಲೆ ನಿಮ್ಮನ್ನ ಗೋಡೆಯಿಂದ ಕೆರೆದು, ಡಬ್ಬೀಲಿ ತುಂಬಿ ಮಗಳಿಗೆ ಕಳಿಸ್ತೀನಿ.

ಅಳಿಯ ಬುಡ್ಡಿಯನ್ನು ಮೆಲ್ಲಗೆ ಜೇಬಿಗೆ ಸೇರಿಸಿದ. ಗಡಿಯಾರ ರಿಪೇರಿಯವನಿಗೆ ಎಣ್ಣೆ ಬಿಟ್ಟರೆ ಬೇರೆ ಮದ್ದು ಗೊತ್ತಿರಲಿಲ್ಲ. ಗಿರಾಕಿಗಳಿಲ್ಲದೆ ಅಂಗಡಿ ಮುಚ್ಚಿದ ಮೇಲೆ ಅತ್ತೆಯ ವೆಲ್ಡಿಂಗ್ ಶೆಡ್ಡಿಗೆ ಕೆಲಸ ಕಲಿಯಲು ಬಂದಿದ್ದ. ಇದು ಮೊದಲ ದಿನ. ಕೊನೆಯ ದಿನವೂ ಇದೇ ಇರಬಹುದೆಂದು ಅವನಿಗೆ ಅನ್ನಿಸತೊಡಗಿತ್ತು.

ಅತ್ತೆ: ಜೇಬಲ್ಲೂ ಬೇಡ. ಹೊರಗಿಟ್ಟು, ಕೈ ತೊಳ್ಕೊಂಡು ಬನ್ನಿ. ಹಾಗೇ ಆ ನೈಲಾನ್ ಅಂಗೀನೂ ಬದಲಾಯಿಸಿ. ಕಿಡಿ ಬಿದ್ರೆ ಕರಗಿ ಚರ್ಮಕ್ಕೇ ಅಂಟ್ಕೊಳ್ಳುತ್ತೆ.

ಅಳಿಯ: ನಿಮ್ಮ ಮಗಳೇ ಆರಿಸಿ ಕೊಟ್ಟಿದ್ದು ಅತ್ತೆ.

ಅತ್ತೆ: ಪಾಪ, ಯಾವ ಸಿಟ್ಟಿತ್ತೋ ಅವಳಿಗೆ.

ಅವನು ದಪ್ಪ ಹತ್ತಿ ಅಂಗಿ ತೊಟ್ಟು ಬಂದ.

ಅಳಿಯ: ಈ ಅಸಿಟಿಲೀನ್ ಗ್ಯಾಸಿನ ಸಿಲಿಂಡರ್ ಬಿದ್ದುಗಿದ್ದೀತು. ಮಲಗಿಸ್ಲಾ?

ಅತ್ತೆ: ಅದು ಮಲಗಬಾರದು. ಮಲಗೋಕೆ ಮನೇಲಿ ನೀವೊಬ್ರಿದ್ದೀರಲ್ಲ, ಸಾಕು. ನಿಲ್ಲಿಸಿ ಸರಪಳಿ ಹಾಕಿ.

ಅಳಿಯ: ಹಾಕ್ದೆ. ಹಚ್ಚೋಣ್ವಾ? ಸಿಗರೇಟ್ ಲೈಟರ್ ತಂದಿದೀನಿ.

ಅತ್ತೆ: ಹಚ್ಚಿ. ಬೆರಳು ಹೇಗೂ ಹತ್ತು ಇವೆಯಲ್ಲ, ಒಂದೆರಡು ಸುಟ್ರೂ ನಡೆಯುತ್ತೆ. ಅಯ್ಯೋ, ಮೊದಲು ಸೋಪು ನೀರು ತನ್ನಿ!

ಪೈಪು ಸೇರುವ ಜಾಗಗಳಿಗೆಲ್ಲ ಸೋಪು ನೀರು ಸವರಿ ಸಿಲಿಂಡರ್ ತೆರೆದರು. ಗ್ಯಾಸ್ ಸೋರುತ್ತಿದ್ದರೆ ಗುಳ್ಳೆ ಏಳಬೇಕು. ಅತ್ತೆ ಬಗ್ಗಿ ನೋಡಿದರು.

ಅತ್ತೆ: ಒಂದೂ ಗುಳ್ಳೆ ಇಲ್ಲ.

ಅಳಿಯ: ಇದೆ ಅತ್ತೆ. ಸಾಸಿವೆಗಿಂತ ಚಿಕ್ಕದು. ಅಗೋ, ಇನ್ನೊಂದು ಎದ್ದಿತು.

ಅತ್ತೆ: ಬೆಂಕಿ ಅಂದ್ರೆ ಭಯ ಅಂತ ಹೇಳ್ಬಿಡಿ. ಇಲ್ಲದ ಗುಳ್ಳೆ ಯಾಕೆ ಹುಟ್ಟಿಸ್ತೀರಿ?

ಹೀಗೆಂದು ಅತ್ತೆ ಮುಖ ತಿರುಗಿಸಿ, ಗೂಟಕ್ಕೆ ನೇತುಹಾಕಿದ್ದ ಕಪ್ಪು ಕನ್ನಡಕ ತರಲು ಹೋದರು. ಅಷ್ಟರಲ್ಲಿ ಅಳಿಯ ಸಿಲಿಂಡರ್ ಮುಚ್ಚಿ, ಸ್ಪ್ಯಾನರ್ ಹಾಕಿ ನಟ್ಟು ಬಿಗಿಮಾಡಿ, ಮತ್ತೆ ತೆರೆದು ನೋಡಿದ.

ಅಳಿಯ: ಬಿಗಿ ಮಾಡ್ದೆ ಅತ್ತೆ. ಈಗ ನಿಂತಿತು.

ಅತ್ತೆ ಕನ್ನಡಕ ಹಿಡಿದು ವಾಪಸ್ ಬಂದು, ಮತ್ತೊಮ್ಮೆ ಬಗ್ಗಿ ನೋಡಿದರು.

ಅತ್ತೆ: ನನಗೂ ಕಂಡಿತ್ತು. ನಿಮ್ಮನ್ನ ಪರೀಕ್ಷೆ ಮಾಡ್ದೆ, ಅಷ್ಟೆ.

ಅಳಿಯ: ಹೌದಾ? ಎಲ್ಲಿತ್ತು, ಬೆರಳಿಟ್ಟು ತೋರ್ಸಿ.

ಅತ್ತೆ ಬಲು ಧೈರ್ಯದಿಂದ ನೀಲಿ ಪೈಪಿನ ಬುಡಕ್ಕೆ ಬೆರಳಿಟ್ಟರು.

ಅಳಿಯ: ಸೋರಿದ್ದು ಕೆಂಪು ಪೈಪು ಅತ್ತೆ.

ಅತ್ತೆ ಬೆರಳನ್ನು ಹಿಂದಕ್ಕೆ ತೆಗೆದುಕೊಂಡು, ಕಪ್ಪು ಕನ್ನಡಕವನ್ನು ಅವನ ಕೈಗಿಟ್ಟರು.

ಅತ್ತೆ: ಸರಿ. ಇನ್ಮೇಲೆ ನೋಡೋದು ನೀವು, ಬೈಯೋದು ನಾನು.